ಓವರ್‌ಟೇಕಿನಲ್ಲಿ ಕೈಕೊಟ್ಟ ಕಿಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ, ಮೂರು ಗಂಟೆ. ಚಳ್ಳಕೆರೆ ದಾಟಿ ನಾಯಕನಹಟ್ಟಿಯ ದಾರಿ ಹಿಡಿದಿದ್ದೀರಿ. ಸ್ಟೇರಿಂಗ್ ಮುಟ್ಟಿದರೆ ಅಂಗೈ ಚುರುಕ್ಕೆನ್ನುತ್ತದೆ. ಬೆವರಿಗೆ ಅಂಗಿ ಬೆನ್ನಿಗಂಟಿದೆ. ಪಕ್ಕದ ಸೀಟಿನಲ್ಲಿ ಅಮ್ಮ, ಅವರ ಮಡಿಲಲ್ಲಿ ತಿಪ್ಪೇಸ್ವಾಮಿಯ ಹರಕೆಗೆಂದು ತಂದ ಒಣಕೊಬ್ಬರಿಯ ಚೀಲ.

ಮುಂದೆ ಶೇಂಗಾ ಹೊಟ್ಟು ಹೇರಿಕೊಂಡ ಲಾರಿ ತೆವಳುತ್ತಿದೆ. ಹೇರಿದ ಹೊಟ್ಟು ಎರಡೂ ಬದಿಗೆ ಉಬ್ಬಿ ಅರ್ಧ ರಸ್ತೆಯನ್ನು ನುಂಗಿದೆ. ಒಣ ಎಲೆ, ಧೂಳು, ಡೀಸೆಲ್ ಹೊಗೆ ಎಲ್ಲವೂ ಸೇರಿ ಕಿಟಕಿಯಿಂದ ಒಳಗೆ ನುಗ್ಗುತ್ತವೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಬಲಕ್ಕೆ ಇಣುಕಿ ನೋಡುತ್ತೀರಿ. ದೂರದಲ್ಲೊಂದು ಬಸ್ ಬಿಸಿಲಿನ ಅಲೆಯಲ್ಲಿ ನಡುಗುತ್ತಾ ಕಾಣುತ್ತದೆ. ಸಾಕಷ್ಟು ಜಾಗವಿದೆ.

ಇಂಡಿಕೇಟರ್ ಹಾಕಿ, ಮೂರನೇ ಗೇರ್‌ಗೆ ಇಳಿಸಿ ಬಲಕ್ಕೆ ಬರುತ್ತೀರಿ. ಆಕ್ಸಿಲರೇಟರ್ ಪೂರ್ತಿ ಒತ್ತುತ್ತೀರಿ.

ಗಾಡಿ ಮುನ್ನುಗ್ಗುವುದಿಲ್ಲ. ಒಂದು ಜಗ್ಗು. ಮತ್ತೊಂದು. ಬಾನೆಟ್ ಕೆಳಗೆ ಯಾರೋ ಒದ್ದಂತೆ ಸದ್ದು. ಲಾರಿಯ ಹಿಂದಿನ ಚಕ್ರ ಅಮ್ಮನ ಕಿವಿಯ ಪಕ್ಕದಲ್ಲೇ ಉರುಳುತ್ತಿದೆ. ಬಸ್ಸಿನ ಹಾರ್ನ್ ಕೇಳುತ್ತದೆ. ಈಗ ಅದರ ಗಾಜು ಕಾಣುತ್ತಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಂಜಿನ್ ದೀಪ ಮಿಣುಕುತ್ತದೆ. ನುಗ್ಗುವುದೋ, ಹಿಂದೆ ಸರಿಯುವುದೋ? ಕಾಲು ಬ್ರೇಕಿಗೆ ಹೋಗುತ್ತದೆ. ಲಾರಿ ಮುಂದೆ ಸರಿಯುತ್ತದೆ. ಎಡಕ್ಕೆ ತಿರುಗಿಸಿ ಅದರ ಹಿಂದಕ್ಕೆ ಬರುತ್ತೀರಿ. ಬಸ್ ಬಿಸಿಗಾಳಿ ಎರಚಿ ಪಕ್ಕದಲ್ಲೇ ಹಾದುಹೋಗುತ್ತದೆ.

“ಯಾಕಪ್ಪಾ, ಗಾಡಿ ಹಿಂಗೆ ಜಗ್ತೈತೆ?”

ಉತ್ತರ ಬಾಯಿಗೆ ಬರುವುದಿಲ್ಲ. ಮೊಣಕಾಲುಗಳು ನಡುಗುತ್ತಿವೆ. ಗಾಡಿಯನ್ನು ರಸ್ತೆ ಬದಿಗೆ ಹಾಕುತ್ತೀರಿ.

ಎರಡೂ ಕಡೆ ಅಮೃತಮಹಲ್ ಕಾವಲಿನ ಒಣಹುಲ್ಲು ಗಾಳಿಗೆ ಸರಸರ ಎನ್ನುತ್ತಿದೆ. ಹಸಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಸೈಲೆನ್ಸರಿನಿಂದ ಬರುತ್ತಿರುವ ವಾಸನೆ ಅದು, ಒಳಗೆ ಸುಡದೇ ಉಳಿದ ಪೆಟ್ರೋಲಿನದು. ಇದೇ ಸೀಮೆಯ ರನ್‌ವೇಯೊಂದರಲ್ಲಿ 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ವಾಹನವೊಂದು ಎಂಜಿನ್ನಿನ ಬಲವಿಲ್ಲದೆ ತಾನೇ ತೇಲಿಬಂದು ಇಳಿದಿತ್ತು. ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರದಿಂದ ಬಿಟ್ಟಿತ್ತು, ಆ ಎತ್ತರವೇ ಅದರ ಬಂಡವಾಳ. ಲಾರಿಯ ಪಕ್ಕದಲ್ಲಿದ್ದ ನಿಮಗೆ ಅಂಥ ಬಂಡವಾಳವಿರಲಿಲ್ಲ. ಇದ್ದದ್ದು ನಾಲ್ಕು ಸಿಲಿಂಡರುಗಳ ಬೆಂಕಿ ಮಾತ್ರ, ಅದರಲ್ಲೂ ಒಂದು ಹತ್ತಲಿಲ್ಲ.

ಕುಳಿತಲ್ಲೇ ಹಿಂದಿನ ವಾರಗಳು ನೆನಪಾಗುತ್ತವೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸೆಲ್ಫ್ ಎರಡು ಸಲ ಹೊಡೆಯಬೇಕಾಗುತ್ತಿತ್ತು. ಅದೇ ಪೆಟ್ರೋಲಿಗೆ ಗಾಡಿ ಮೊದಲಿನಷ್ಟು ದೂರ ಓಡುತ್ತಿರಲಿಲ್ಲ. ಆದರೆ ನಿಂತಲ್ಲಿ ಎಂಜಿನ್ ಸದ್ದು ಸರಿಯಾಗಿಯೇ ಇತ್ತು. ಆ ಸದ್ದನ್ನೇ ನಂಬಿದಿರಿ.

ನಿಂತ ಗಾಡಿಯ ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿ ಕಡಿಮೆ. ತೆಳುವಾದ ಆ ಮಿಶ್ರಣವನ್ನು ಸೀಳಿ ಹೊತ್ತಿಸಲು ಸವೆದ ಪ್ಲಗ್ಗಿಗೂ ಸಾಧ್ಯ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನಲ್ಲಿ ಗಾಳಿ, ಪೆಟ್ರೋಲ್ ಕಿಕ್ಕಿರಿದು ತುಂಬುತ್ತವೆ. ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಇಪ್ಪತ್ತು ಸಾವಿರಕ್ಕೂ ಮೇಲೆ ಏರಿಸಿ ಕಳಿಸುತ್ತದೆ, ಆದರೆ ಪ್ಲಗ್ಗಿನ ತುದಿಗಳ ನಡುವಿನ ಗ್ಯಾಪ್ ಸವೆದು ಅಗಲವಾಗಿದ್ದರೆ ಅದೂ ಸಾಲದು. ಹಾಗಾಗಿ ಸವೆದ ಪ್ಲಗ್ ಮೊದಲು ಸೋಲುವುದು ಘಟ್ಟ ಹತ್ತುವಾಗ, ಭಾರ ಹೇರಿದಾಗ, ಲಾರಿ ದಾಟುವಾಗ. ನಿಮಗೆ ಶಕ್ತಿ ಅತಿ ಹೆಚ್ಚು ಬೇಕಾದ ಕ್ಷಣವೇ ಅದು ಕೈಕೊಡುವ ಕ್ಷಣ.

ಎಂಜಿನ್ ದೀಪ ಮಿಣುಕುವುದು ನಿಂತು, ಈಗ ಸುಮ್ಮನೆ ಉರಿಯುತ್ತಿದೆ. ನಾಯಕನಹಟ್ಟಿಗೆ ಹೋಗುವುದೋ, ಚಳ್ಳಕೆರೆಗೆ ಮರಳುವುದೋ? ದೀಪ ಮಿಣುಕಿದರೆ ಅರ್ಥ ಸ್ಪಷ್ಟ: ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನು ಸುಟ್ಟು ಹಾಳುಮಾಡುತ್ತದೆ. ನಾಲ್ಕು ಸಾಧಾರಣ ಪ್ಲಗ್ಗುಗಳ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ. ಕನ್ವರ್ಟರ್ ಹೋದರೆ ಹತ್ತಾರು ಸಾವಿರ. ಮೆಲ್ಲಗೆ ಓಡಿಸಿದರೂ ದೀಪ ಮಿಣುಕುತ್ತಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು. ನೀವು ಗಾಡಿ ತಿರುಗಿಸುತ್ತೀರಿ. ನಲವತ್ತರ ವೇಗ ಮೀರದಂತೆ, ಕಾಲನ್ನು ಹಗುರವಾಗಿಟ್ಟು, ದೀಪದ ಮೇಲೊಂದು ಕಣ್ಣಿಟ್ಟು ಚಳ್ಳಕೆರೆಯತ್ತ ಬರುತ್ತೀರಿ.

ಊರು ಹತ್ತಿರವಾದಂತೆ ಗಾಳಿಯಲ್ಲಿ ಎಣ್ಣೆ ಗಿರಣಿಗಳ ವಾಸನೆ, ಬಿಸಿ ಶೇಂಗಾದ ದಟ್ಟ ಕಮಟು. ಗ್ಯಾರೇಜಿನ ತಗಡಿನ ಚಾವಣಿಯ ಕೆಳಗೆ ಗಾಡಿ ನಿಲ್ಲಿಸುತ್ತೀರಿ. ನರೆತ ಕೂದಲಿನ ಮೆಕ್ಯಾನಿಕ್ ಎಂಜಿನ್ ರೇಸ್ ಮಾಡಿಸಿ, ಒಂದು ಕ್ಷಣ ಕಿವಿಗೊಟ್ಟು ಕೇಳಿ ಹೇಳುತ್ತಾನೆ: “ಮಿಸ್ಸಿಂಗ್ ಹೊಡೀತೈತೆ ಸಾರ್. ಆಫ್ ಮಾಡಿ. ಅಮ್ಮಾ, ನೀವು ನೆಳ್ಳಿಗೆ ಕುಂತ್ಕಳಿ.”

“ಈಗಲೇ ಬಿಚ್ಚಣ್ಣಾ.”

“ಬಿಚ್ಚಂಗಿಲ್ಲ. ಎಂಜಿನ್ ಕಾದೈತೆ. ಆರ್ಲಿ.”

ಕಾಯುವುದು ಕಷ್ಟ, ಆದರೆ ಅವನು ಹೇಳುವುದು ಸರಿ. ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಮ್ಮಿನದು. ಕಾದಿರುವಾಗ ಬಲ ಹಾಕಿ ಪ್ಲಗ್ ತಿರುಗಿಸಿದರೆ ಹೆಡ್ಡಿನ ಥ್ರೆಡ್ಡೇ ಕಿತ್ತುಬರಬಹುದು.

ಎಂಜಿನ್ ಆರಿದ ಮೇಲೆ ಅವನು ಮೊದಲು ಗಾಳಿಯ ಪೈಪ್ ಹಿಡಿದು ಪ್ಲಗ್ಗುಗಳ ಸುತ್ತ ಊದುತ್ತಾನೆ. ಕೆಂಧೂಳು ಹೊಗೆಯಂತೆ ಮೇಲೇಳುತ್ತದೆ, ನಿಮ್ಮ ಹಲ್ಲಿಗೂ ಮರಳು ಸಿಗುತ್ತದೆ. ಪ್ಲಗ್ ಬಿಚ್ಚಿದ ತೂತಿನಲ್ಲಿ ಈ ಧೂಳು ಬಿದ್ದಿದ್ದರೆ ಸಿಲಿಂಡರಿನ ಗೋಡೆಯನ್ನೇ ಗೀರುತ್ತಿತ್ತು. ಕಾಯಿಲ್‌ಗಳನ್ನು ಎತ್ತಿ, ಉದ್ದನೆಯ ಪ್ಲಗ್ ಪಾನಾ ಇಳಿಸುತ್ತಾನೆ. ಕಿರ್ರೆಂದು ಮೊದಲನೆಯದು ಸಡಿಲವಾಗುತ್ತದೆ. ಒಂದೊಂದನ್ನೂ ಬಟ್ಟೆಯ ಮೇಲೆ ಸಾಲಾಗಿ, ಸಿಲಿಂಡರಿನ ಕ್ರಮದಲ್ಲೇ ಇಡುತ್ತಾನೆ.

ಬಗ್ಗಿ ನೋಡುತ್ತೀರಿ. ಮೂರರ ತುದಿಗೆ ತಿಳಿ ಕಂದು ಬಣ್ಣ, ಅದು ಆರೋಗ್ಯದ ಬಣ್ಣ. ಆದರೆ ಮಧ್ಯದ ಕಡ್ಡಿಯ ಚೂಪು ಅಂಚು ಮೂರರಲ್ಲೂ ದುಂಡಗಾಗಿದೆ. ನಾಲ್ಕನೆಯದು ಕಪ್ಪಗೆ, ಪೆಟ್ರೋಲಿನಲ್ಲಿ ಒದ್ದೆ. ಬೆರಳಿಗೆ ತಣ್ಣಗೆ ತಾಗುತ್ತದೆ. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೀರು: ಗ್ಯಾಪ್ ದಾಟಲಾರದ ವಿದ್ಯುತ್ತು ಹೊರಗಿನಿಂದ ಹರಿದುಹೋದ ದಾರಿ ಅದು. ತುದಿಯಲ್ಲಿ ಎಣ್ಣೆಯ ಜಿಡ್ಡಿದ್ದಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ತೊಂದರೆ. ಬೆಳ್ಳಗೆ ಬೆಂದು ಗುಳ್ಳೆ ಎದ್ದಿದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ ಎಂದರ್ಥ. ಮೆಕ್ಯಾನಿಕ್ ಫೀಲರ್ ಗೇಜಿನ ತಗಡನ್ನು ಗ್ಯಾಪಿನಲ್ಲಿ ತೂರಿಸುತ್ತಾನೆ. 1.1 ಮಿ.ಮೀ. ತಗಡು ಬಿಗಿಯಾಗಿ ಕೂರಬೇಕಿತ್ತು, ಸಡಿಲವಾಗಿ ಅಲ್ಲಾಡುತ್ತದೆ.

“ಎಷ್ಟು ಓಡೈತೆ?”

ಓಡೋಮೀಟರ್ 58,000 ತೋರಿಸುತ್ತಿದೆ. ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಪ್ಲಗ್ಗಿನದೂ ಒಂದು ಕಿಡಿ. ನಿಮಿಷಕ್ಕೆ 2,000 ಸುತ್ತಿನಲ್ಲಿ, ಗಂಟೆಗೆ 60 ಕಿ.ಮೀ. ಓಡಿದರೆ ಕಿಲೋಮೀಟರಿಗೆ ಸಾವಿರ ಕಿಡಿ. ಹಾಗೆ ಲೆಕ್ಕ ಹಿಡಿದರೆ ಒಂದೊಂದು ಪ್ಲಗ್ಗೂ 5 ಕೋಟಿ 80 ಲಕ್ಷ ಸಲ ಕಿಡಿ ಕೊಟ್ಟಿದೆ. ಪ್ರತಿ ಕಿಡಿಯೂ ಲೋಹದ ಒಂದು ಕಣವನ್ನು ತಿಂದಿದೆ. ಸಾಧಾರಣ ನಿಕಲ್ ಪ್ಲಗ್ಗಿಗೆ 30ರಿಂದ 40 ಸಾವಿರ ಕಿ.ಮೀ. ಆಯುಷ್ಯ. ಇರಿಡಿಯಮ್ ಇಲ್ಲವೇ ಪ್ಲಾಟಿನಮ್ ತುದಿಯದು 80 ಸಾವಿರದಿಂದ ಒಂದು ಲಕ್ಷದವರೆಗೂ ಬಾಳಬಲ್ಲದು. ಗ್ಯಾಸಿನ ಗಾಡಿಗೆ ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟೇಜ್ ಬೇಕು, ಆದ್ದರಿಂದ ಅಲ್ಲಿ ಅವಧಿ ಇನ್ನೂ ಕಡಿಮೆ. ಕಡೆಯ ಮಾತು ಗಾಡಿಯ ಕೈಪಿಡಿಯದು.

“ಕೆಟ್ಟಿರೋದು ಒಂದೇ ತಾನೆ? ಅದೊಂದನ್ನೇ ಹಾಕಣ್ಣಾ,” ಎನ್ನುತ್ತೀರಿ. ಅವನು ಉಳಿದ ಮೂರನ್ನು ನಿಮ್ಮ ಅಂಗೈಗೆ ಹಾಕುತ್ತಾನೆ. ದುಂಡಗಾದ ತುದಿಗಳು ಬೆರಳಿಗೆ ಸಿಗುತ್ತವೆ. ಇವೂ ಅಷ್ಟೇ ದೂರ ಓಡಿವೆ, ಇವೂ ಅಷ್ಟೇ ಸವೆದಿವೆ. ಉಪ್ಪುಕಾಗದದಲ್ಲಿ ತಿಕ್ಕಿದರೆ ಮಸಿ ಹೋದೀತು, ಸವೆದ ಲೋಹ ಮರಳಿ ಬಾರದು. “ನಾಲ್ಕೂ ಹಾಕಣ್ಣಾ,” ಎಂದಾಗ ನಿಮ್ಮ ದನಿಯಲ್ಲಿ ಅನುಮಾನವಿಲ್ಲ.

ಕೈಪಿಡಿಯಲ್ಲಿರುವ ನಂಬರಿನದೇ ಪ್ಲಗ್ ತರಿಸುತ್ತಾನೆ. ನಂಬರ್ ಬೇರೆಯಾದರೆ ಪ್ಲಗ್ ಶಾಖ ಬಿಟ್ಟುಕೊಡುವ ವೇಗವೂ ಬೇರೆ: ತೀರಾ ತಣ್ಣಗಿದ್ದರೆ ಮಸಿ ಕಟ್ಟುತ್ತದೆ, ತೀರಾ ಕಾದರೆ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸುತ್ತಾನೆ. ಉಸಿರು ಬಿಗಿಹಿಡಿದು ನೋಡುತ್ತೀರಿ. ಥ್ರೆಡ್ ಓರೆಯಾಗಿ ಕೂತರೆ ಹೆಡ್ಡೇ ಹಾಳು. ಪ್ಲಗ್ ತಡೆಯಿಲ್ಲದೆ ಇಳಿದು ತಳ ಮುಟ್ಟುತ್ತದೆ. ಆಮೇಲೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಅಷ್ಟೇ. ಗೀರು ಬಿದ್ದ ಪ್ಲಗ್ಗಿನ ಕಾಯಿಲ್‌ನ ರಬ್ಬರನ್ನು ಬಗ್ಗಿಸಿ ನೋಡಿ, ಸುಟ್ಟ ಗುರುತು ಕಂಡು ಅದನ್ನೂ ಬದಲಿಸುತ್ತಾನೆ. ಏರ್ ಫಿಲ್ಟರ್ ತಟ್ಟಿದರೆ ಬೊಗಸೆಯಷ್ಟು ಧೂಳು ಉದುರುತ್ತದೆ. ಅದೂ ಹೊಸದಾಗುತ್ತದೆ.

ಕೀಲಿ ತಿರುಗಿಸುತ್ತೀರಿ. ಎಂಜಿನ್ ಒಂದೇ ಸಲಕ್ಕೆ ಏಳುತ್ತದೆ. ನಿಂತಲ್ಲಿ ಅದರ ಸದ್ದು ಮೊದಲಿಗಿಂತ ಬೇರೆಯೇನೂ ಅಲ್ಲ. ನಿಂತ ಗಾಡಿಯ ಸದ್ದು ಪ್ಲಗ್ಗಿನ ಆಯುಷ್ಯ ಹೇಳುವುದಿಲ್ಲ ಎಂಬುದು ಈಗ ನಿಮ್ಮ ಮೈಗೇ ಗೊತ್ತಿದೆ. ಆಯುಷ್ಯ ತಿಳಿಯುವುದು ಕಿಲೋಮೀಟರಿನ ಲೆಕ್ಕದಿಂದ, ಬಿಚ್ಚಿ ನೋಡಿದ ಕಣ್ಣಿನಿಂದ. ಸರ್ವಿಸ್ ಪುಸ್ತಕ ತೆಗೆದು, ಎಣ್ಣೆಯಂಟಿದ ಮೇಜಿನ ಮೇಲಿಟ್ಟು ಬರೆಯುತ್ತೀರಿ: ಪ್ಲಗ್ ನಾಲ್ಕು, ನಿಕಲ್, 58,000. ಬಿಚ್ಚಿ ನೋಡುವುದು 78,000ಕ್ಕೆ. ಬದಲಿಸುವುದು, ಚೆನ್ನಾಗಿಯೇ ಓಡುತ್ತಿದ್ದರೂ, 98,000ಕ್ಕೆ.