ಬರದ ಸೀಮೆಯಲ್ಲಿ ಜಡಿಮಳೆ

ಚಿತ್ರದುರ್ಗದಿಂದ ಸುಮಾರು 30 ಕಿಲೋಮೀಟರ್ ಸಾಗಿದರೆ ಚಳ್ಳಕೆರೆ. ಅಲ್ಲಿಂದ ಬಳ್ಳಾರಿ ಹೆದ್ದಾರಿ ಹಿಡಿದು ತಳುಕು ದಾಟಿ, ಹಾನಗಲ್ ಬಳಿ ಹೆದ್ದಾರಿ ಬಿಟ್ಟರೆ ಮೊಳಕಾಲ್ಮೂರು. ಕರಾವಳಿಯ ಓದುಗರು ಮೊದಲ ಬಾರಿ ಈ ದಾರಿಯಲ್ಲಿ ಬಂದರೆ ಕಿಟಕಿಯಾಚೆಯ ನೆಲ ನೋಡಿ ಬೆರಗಾಗುವುದು ಖಂಡಿತ. ನಿಮ್ಮೂರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಲ್ಲಿ 500 ಮಿಲಿಮೀಟರಿನ ಆಸುಪಾಸು ಬಿದ್ದರೆ ಜನ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಬಂಡೆಗಲ್ಲಿನ ಗುಡ್ಡಗಳು, ಜಾಲಿ ಮುಳ್ಳು, ಕುರಿ ಹಿಂಡು, ಶೇಂಗಾ ಹೊಲ. ಪಶ್ಚಿಮ ಘಟ್ಟವು ಮುಂಗಾರಿನ ಮೋಡಗಳನ್ನು ಹಿಂಡಿ ಉಳಿಸಿದ್ದಷ್ಟೇ ಈ ಸೀಮೆಯ ಪಾಲು.

ಚಳ್ಳಕೆರೆಯನ್ನು ಎಣ್ಣೆ ನಗರವೆಂದು ಕರೆಯುತ್ತಾರೆ. ಶೇಂಗಾ ಎಣ್ಣೆಯ ಗಿರಣಿಗಳು ಈ ಊರಿಗೆ ಆ ಹೆಸರು ತಂದವು. ತಾಲೂಕಿನ ಹುಲ್ಲುಗಾವಲು ಕಾವಲುಗಳಲ್ಲಿ ಈಗ ವಿಜ್ಞಾನ ಸಂಸ್ಥೆಗಳೂ ಬಂದಿವೆ. ಚಂದ್ರಯಾನ-2ರ ನೌಕೆ ಇಳಿಯುವುದನ್ನು ಪರೀಕ್ಷಿಸಲು ಇಸ್ರೋ ಸಂಸ್ಥೆಯು ಚಂದ್ರನ ಮೇಲಿರುವಂತಹ ಕುಳಿಗಳನ್ನು ತೋಡಿದ್ದು ಇಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ. ಮೊಳಕಾಲ್ಮೂರಿನ ಕಡೆ ಹೊರಳಿದರೆ ಕಾಣುವುದು ಬೇರೆಯದೇ ಲೋಕ. ಕಿರಿದಾದ ಓಣಿಗಳಲ್ಲಿ ಮಗ್ಗದ ಸದ್ದು. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಸೀರೆ ನೇಯುವ ಮತ್ತು ಅದಕ್ಕೆ ನೂಲು ಸಿದ್ಧಪಡಿಸುವ ಅನೇಕರು ಮಣ್ಣಿನ ಮಾಳಿಗೆ ಮನೆಗಳಲ್ಲಿಯೇ ಬಾಳಿದವರು.

ಮಾಳಿಗೆ ಮನೆಯನ್ನು ನೀವು ನೋಡಿರಲಿಕ್ಕಿಲ್ಲ. ದಪ್ಪ ಗೋಡೆಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪು ಹರಡಿ ಮೇಲೊಂದು ಗೇಣು ಮಣ್ಣು ಹಾಕಿ ಬಡಿದು ಗಟ್ಟಿ ಮಾಡುತ್ತಾರೆ. ಕಡು ಬೇಸಿಗೆಯಲ್ಲೂ ಒಳಗೆ ತಂಪು. ಒಂದೆರಡು ತಾಸು ಜೋರು ಮಳೆ ಬಂದರೂ ನೀರು ಜಾರಿ ಹೋಗುತ್ತದೆ. ಒಣ ಸೀಮೆಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಆದರೆ ಮೂರು ದಿನ, ನಾಲ್ಕು ದಿನ ಬಿಡದೆ ಜಿನುಗುವ ಜಡಿಮಳೆ ಈ ಮನೆಯ ಶತ್ರು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ತೊಲೆ ಬಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ. ಕೊನೆಗೊಂದು ರಾತ್ರಿ ಮಲಗಿದವರ ಮೇಲೆಯೇ ಮನೆ ಕುಸಿಯುತ್ತದೆ.

ಎರಡೂ ಕಡಲಿನಿಂದ ಇಷ್ಟು ದೂರವಿರುವ ಊರಿಗೆ ಚಂಡಮಾರುತದಿಂದ ಏನು ಭಯ ಎಂದು ನೀವು ಕೇಳಬಹುದು. ಗಾಳಿಯ ಭಯವಿಲ್ಲ, ನಿಜ. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಕೆಲವೊಮ್ಮೆ ಅದರ ಬಾಲದ ಮಳೆ ಆಂಧ್ರವನ್ನು ದಾಟಿ ಇಲ್ಲಿಗೂ ಬರುತ್ತದೆ. 2021ರ ನವೆಂಬರಿನಲ್ಲಿ ಆದದ್ದು ಅದೇ. ಆ ತಿಂಗಳ 19ರಂದು ಕಡಪ ಜಿಲ್ಲೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟು ಕೊಚ್ಚಿಹೋಯಿತು. ಕರ್ನಾಟಕದ ಒಳನಾಡಿನಲ್ಲಿ ಕೊಯ್ಲಿಗೆ ಬಂದ ಬೆಳೆ ಹೊಲದಲ್ಲೇ ಕೊಳೆಯಿತು, ಹಳೆಯ ಮನೆಗಳು ಕುಸಿದವು.

ಮೊಳಕಾಲ್ಮೂರಿಗೆ ಹೋದಾಗ ನಾನು ಭೇಟಿಯಾದ ಒಂದು ಕುಟುಂಬದ ವಿಷಯವನ್ನು ನಿಮ್ಮ ಮುಂದಿಡಬೇಕು. ಹೆಸರು ಬೇಡವೆಂದು ಅವರು ಕೇಳಿಕೊಂಡಿದ್ದಾರೆ. ಯಜಮಾನರು ರೇಷ್ಮೆ ನೂಲಿನ ಕೆಲಸದವರು. ಪತ್ನಿ, ಮೂವರು ಮಕ್ಕಳು ಮತ್ತು ಎಪ್ಪತ್ತು ದಾಟಿದ ತಾಯಿ. ಐದು ಹೊತ್ತಿನ ನಮಾಝ್ ತಪ್ಪದ ಮನೆ. ಆ ನವೆಂಬರಿನಲ್ಲಿ ಮಳೆ ಹಿಡಿದ ಮೂರನೇ ದಿನ ಸಂಜೆ ಹಿತ್ತಿಲ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಮುಚ್ಚಲು ಬರಲಿಲ್ಲ. ಅಡುಗೆ ಕೋಣೆಯ ಮಾಳಿಗೆಯಿಂದ ಒದ್ದೆ ಮಣ್ಣು ಉದುರತೊಡಗಿತು. ಮನೆ ಬಿಡೋಣವೆಂದು ಮಗ ಹೇಳಿದರು. ತಾಯಿ ಒಪ್ಪಲಿಲ್ಲ.

“ನಿಮ್ಮ ಅಬ್ಬಾ ಈ ಮನೆಯಲ್ಲೇ ಕಣ್ಣು ಮುಚ್ಚಿದ್ದು. ಕಾಪಾಡುವವನು ಅಲ್ಲಾಹ್. ನೀವು ಹೋಗಿ, ನಾನು ಕದಲುವುದಿಲ್ಲ” ಎಂದು ತಸ್ಬೀಹ್ ಹಿಡಿದು ಕುಳಿತುಬಿಟ್ಟರು.

ಈ ಮಾತನ್ನು ಕೇಳಿ ನಗಬೇಡಿ. ಅದು ಮೂಢತನದ ಮಾತಲ್ಲ. ಬರಗಾಲಗಳನ್ನು, ಮೊಮ್ಮಗುವಿನ ಕಾಯಿಲೆಯನ್ನು, ಕೂಲಿ ಇಲ್ಲದ ತಿಂಗಳುಗಳನ್ನು ಆಕೆ ದಾಟಿದ್ದು ಇದೇ ನಂಬಿಕೆಯ ಬಲದಿಂದ. ಮಗನಿಗೂ ದೊಡ್ಡ ಇಕ್ಕಟ್ಟು. ತಾಯಿಯ ಮಾತು ಮೀರಿದರೆ ಪಾಪ, ಮೀರದಿದ್ದರೆ ಅಪಾಯ. ಅವರು ವಾದಕ್ಕಿಳಿಯದೆ ಮೊಹಲ್ಲಾದ ಮೌಲಾನಾರನ್ನು ಕರೆತಂದರು.

ಆಕೆ ಮೌಲಾನಾರಿಗೂ ಒಂದು ಪ್ರಶ್ನೆ ಇಟ್ಟಿದ್ದರು. ಕುಸಿದ ಗೋಡೆಯಡಿ ಸಿಕ್ಕಿ ಸತ್ತವರಿಗೆ ಶಹೀದರ ದರ್ಜೆ ಇದೆಯೆಂದು ನೀವೇ ಬಯಾನಿನಲ್ಲಿ ಹೇಳಿದ್ದೀರಲ್ಲ, ಮತ್ತೇಕೆ ಓಡಬೇಕು ಎಂದು.

ಮೌಲಾನಾ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. “ಅಮ್ಮಾ, ಆ ಮಾತು ಸತ್ತವರ ಮನೆಯವರಿಗೆ ಸಾಂತ್ವನ. ಬದುಕಿರುವವರಿಗೆ ಪರವಾನಗಿ ಅಲ್ಲ. ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ರಾತ್ರಿ ಮಲಗಬೇಡಿರೆಂದು ಎಚ್ಚರಿಸಿದ್ದೂ ಅದೇ ಪ್ರವಾದಿವರ್ಯರು(ಸ). ಮೇಲಿಂದ ಬೀಳುವ ಅಪಾಯವನ್ನೇ ಬೇಡವೆಂದವರು, ಮೇಲಿಂದ ಬೀಳುವ ಮಾಳಿಗೆಯ ಕೆಳಗೆ ಕುಳಿತಿರಲು ಹೇಳುತ್ತಾರೆಯೇ? ಇನ್ನೊಂದು ಮಾತು. ನೀವು ಕದಲದಿದ್ದರೆ ಮಗ ನಿಮ್ಮನ್ನು ಬಿಟ್ಟು ಕದಲುತ್ತಾನೆಯೇ? ಮಕ್ಕಳು ಕದಲುತ್ತಾರೆಯೇ? ನಿಮ್ಮೊಬ್ಬರ ನಿರ್ಧಾರದ ಭಾರ ಆರು ಜೀವಗಳ ಮೇಲಿದೆ.”

ಆಕೆ ಬಹಳ ಹೊತ್ತು ಸುಮ್ಮನಿದ್ದರಂತೆ. ಬಳಿಕ ಕುರ್‌ಆನನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಎದ್ದು ನಿಂತರು. ಸೊಸೆ ರೇಶನ್ ಕಾರ್ಡು, ಆಧಾರ್, ಮನೆಯ ಪತ್ರಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಮಗ ನೂಲಿನ ಗಂಟನ್ನು ಹೊತ್ತರು, ಅದು ಬೇರೆಯವರು ನಂಬಿ ಕೊಟ್ಟ ಅಮಾನತ್ತು. ಹೋದದ್ದು ಎರಡು ಮನೆಯಾಚೆಗಿನ ನೇಕಾರರ ಆರ್‌ಸಿಸಿ ಮನೆಗೆ. “ಬರ್ರಿ ಬೂಬಮ್ಮ, ಇದೂ ನಿಮ್ಮ ಮನೇನೇ” ಎಂದು ಆ ಮನೆಯ ಹೆಂಗಸು ಕೈಹಿಡಿದು ಒಳಗೆ ಕರೆದುಕೊಂಡರು.

ಅವರ ಸಂಕಟವೂ ಕಡಿಮೆ ಇರಲಿಲ್ಲ. ಮಗ್ಗದ ಗುಂಡಿಯಲ್ಲಿ ಅಡಿಯಿಂದ ನೀರು ಒಸರುತ್ತಿತ್ತು. ನೇಕಾರ ಕಾಲಿಳಿಬಿಟ್ಟು ಕೂರುವ ಗುಂಡಿಯಲ್ಲಿ ನೀರು ನಿಂತರೆ ಮಗ್ಗ ನಿಂತಂತೆ, ಮಗ್ಗ ನಿಂತರೆ ಒಲೆಯೂ ನಿಂತಂತೆ. ಆ ರಾತ್ರಿ ಎರಡೂ ಮನೆಯವರು ಸೇರಿ ಕೊಡದಲ್ಲಿ ನೀರು ತೋಡಿದರು. ಇಶಾ ನಮಾಝನ್ನು ಮಗ್ಗದ ಕೋಣೆಯ ಒಣಗಿದ ಮೂಲೆಯಲ್ಲಿ ನಿರ್ವಹಿಸಲಾಯಿತು. ವಿಪರೀತ ಮಳೆಯ ರಾತ್ರಿ ಮನೆಗಳಲ್ಲೇ ನಮಾಝ್ ಮಾಡಿರೆಂದು ಅದಾನಿನ ಜೊತೆ ಸಾರಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆರಾಧನೆಯ ಕರೆಯೊಳಗೇ ಜೀವದ ಕಾಳಜಿಯನ್ನು ಸೇರಿಸಿದ ಧರ್ಮ ನಮ್ಮದು.

ಪ್ರಿಯ ಓದುಗರೇ, ಆ ರಾತ್ರಿ ಮನೆ ಬಿತ್ತು ಎಂದು ನಾನು ಬರೆಯುತ್ತೇನೆಂದು ನೀವು ಕಾದಿರಬಹುದು. ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಮಳೆ ನಿಂತಿತು, ಬಿಸಿಲು ಬಂತು. ನಿಜವಾದ ಪರೀಕ್ಷೆ ಶುರುವಾದದ್ದು ಆಗ. “ನೋಡು, ಅಲ್ಲಾಹ್ ಕಾಪಾಡಿದ. ಇನ್ನೊಬ್ಬರ ಮನೆಯಲ್ಲಿ ಎಷ್ಟು ದಿನ?” ಎಂದು ತಾಯಿ ಚೀಲ ಕಟ್ಟಿದರು. ಒದ್ದೆಯಾದ ಗೋಡೆ ಒಣಗುವಾಗಲೂ ಬಿರುಕು ಬಿಟ್ಟು ಬೀಳುವುದುಂಟೆಂದು ನೆರೆಯ ಹಿರಿಯ ನೇಕಾರರು ತಡೆದರು. ಮನೆ ಬಿಡಲು ಧೈರ್ಯ ಬೇಕಿತ್ತು. ಬಿಸಿಲಿನಲ್ಲಿ, ತಮ್ಮದೇ ಮನೆಯನ್ನು ಎದುರಿಗೆ ನೋಡುತ್ತಾ ಹೊರಗೆ ಕಾಯಲು ಸಬ್ರ್ ಬೇಕಾಯಿತು. ಬಿಸಿಲು ಬಂದ ಎರಡನೇ ದಿನ ಲುಹರ್ ಹೊತ್ತಿಗೆ ಅಡುಗೆ ಕೋಣೆಯ ಗೋಡೆ, ಅದರ ಹಿಂದೆಯೇ ನಡುಮನೆಯ ಮಾಳಿಗೆ ಕೂತುಹೋಯಿತು. ಒಳಗೆ ಯಾರೂ ಇರಲಿಲ್ಲ.

ಹಾಗಾದರೆ ಕಾಪಾಡಿದ್ದು ಯಾರು? ಅಲ್ಲಾಹನೇ, ಇದರಲ್ಲಿ ಸಂಶಯವಿಲ್ಲ. ಆದರೆ ಯಾವುದರ ಮೂಲಕ? ಸಿಕ್ಕಿಕೊಂಡ ಬಾಗಿಲಿನ ಮೂಲಕ, ಮೌಲಾನಾರ ಮಾತಿನ ಮೂಲಕ, ನೆರೆಮನೆಯ ಹಿರಿಯರ ಅನುಭವದ ಮೂಲಕ. ಇವೆಲ್ಲ ಅವನೇ ಕಳುಹಿಸಿದ ಸಹಾಯವಲ್ಲದೆ ಬೇರೇನು? ಹ. ಉಮರ್(ರ) ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಅವರು ಹಿಂತಿರುಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟ ಉಮರ್(ರ), ಹಸಿರು ಮತ್ತು ಬರಡು ಎಂಬ ಎರಡು ಮಗ್ಗುಲಿರುವ ಕಣಿವೆಯ ಉದಾಹರಣೆ ನೀಡಿದರು. ಒಂಟೆಯನ್ನು ಯಾವ ಮಗ್ಗುಲಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ. ಚಳ್ಳಕೆರೆಯ ಕುರಿಗಾಹಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರು ಮೇವು ಕೊಡುತ್ತಾನೆಂದು ನಂಬಿಯೂ ಅವನು ಹಿಂಡನ್ನು ಹಸಿರಿರುವ ಕಡೆಗೇ ಹೊಡೆಯುತ್ತಾನೆ.

ಲೋಕದ ಅನುಭವವೂ ಇದನ್ನೇ ಹೇಳುತ್ತದೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ತೆರವುಗೊಳಿಸಲಾಗಿತ್ತು, ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. 1999ರಲ್ಲಿ ಪ್ರಾರ್ಥಿಸಿದವರ ನಂಬಿಕೆ ಕಡಿಮೆಯಿತ್ತೇ? ಹಾಗೆ ಹೇಳುವ ಹಕ್ಕು ನಮಗಿಲ್ಲ. ಅವರಲ್ಲಿ ಬಹಳ ಮಂದಿಗೆ ಹೋಗಲು ಜಾಗವಿರಲಿಲ್ಲ, ಕರೆದೊಯ್ಯುವ ಸಾಕಷ್ಟು ವ್ಯವಸ್ಥೆ ಇರಲಿಲ್ಲ. ಯಾರದೋ ಮನೆ ಬಿದ್ದಾಗ ಅದು ಅವರ ಪಾಪದ ಫಲವೆಂದು ಹೇಳುವ ನಾಲಿಗೆಗಳಿವೆ. ಬಿದ್ದ ಮನೆಯ ಮುಂದೆ ತೀರ್ಪು ಕೊಡಬೇಡಿ, ಚಾಪೆ-ಹೊದಿಕೆ ಕೊಡಿ.

ಈ ಸೀಮೆಯ ಜನ ಮಳೆಗಾಗಿ ಬೇಡುವುದೇ ಹೆಚ್ಚು. ಆದರೆ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿರುವ, 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತು. ಆ ನೀರು ಹರಿದು ಬರುವುದು ಚಳ್ಳಕೆರೆ ತಾಲೂಕಿನ ಹಳ್ಳಿಗಳ ಕಡೆಗೇ. ಬರದ ನಾಡಿಗೂ ನೆರೆ ಬರಬಲ್ಲದು. ಮದೀನಾದಲ್ಲಿ ಬರವಿದ್ದಾಗ ಒಬ್ಬ ವ್ಯಕ್ತಿ ಜುಮಾ ಖುತ್ಬಾದ ನಡುವೆ ಮಳೆಗಾಗಿ ಪ್ರಾರ್ಥಿಸಿರೆಂದು ಪ್ರವಾದಿವರ್ಯರನ್ನು(ಸ) ಕೇಳಿಕೊಂಡ ಘಟನೆ ನಿಮಗೆ ಗೊತ್ತಿರಬಹುದು. ವಾರವಿಡೀ ಮಳೆ ಸುರಿಯಿತು. ಮುಂದಿನ ಜುಮಾದಲ್ಲಿ ಮಳೆ ನಿಲ್ಲಲೆಂದು ಪ್ರಾರ್ಥಿಸುವ ಕೋರಿಕೆ ಬಂತು. ಪ್ರವಾದಿವರ್ಯರು(ಸ) ಮಳೆಯನ್ನು ಶಪಿಸಲಿಲ್ಲ. ನಮ್ಮ ಮೇಲೆ ಬೇಡ, ಸುತ್ತಲಿನ ಬೆಟ್ಟಗಳ ಮೇಲೆ, ಕಣಿವೆಗಳಲ್ಲಿ, ಮರಗಿಡಗಳ ಬುಡದಲ್ಲಿ ಸುರಿಯಲೆಂದು ಬೇಡಿದರು. ಮೊಳಕಾಲ್ಮೂರಿನ ಗುಡ್ಡಗಳ ಕೆಳಗೆ ನಿಂತಾಗ ಆ ದುಆದ ಅರ್ಥ ನನಗೆ ಹೊಸದಾಗಿ ತಿಳಿಯಿತು.

ಆ ಕುಟುಂಬ ಈಗ ಸಿಮೆಂಟ್ ಇಟ್ಟಿಗೆಯ ಎರಡು ಕೋಣೆ ಕಟ್ಟಿಕೊಂಡಿದೆ, ಮೇಲೆ ಶೀಟು. “ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುತ್ತದೆ, ಮಣ್ಣಿನ ಮನೆ ತಂಪಿತ್ತು” ಎಂದು ತಾಯಿ ನನ್ನೊಡನೆ ದೂರಿಕೊಂಡರು. ದೂರಲು ಅವರು ಉಳಿದಿದ್ದಾರಲ್ಲ ಎಂದು ಸೊಸೆ ನಕ್ಕರು.

ಹಳೆಯ ಮಣ್ಣಿನ ಮನೆಯಲ್ಲಿ ವಾಸಿಸುವ, ಅಥವಾ ಅಂಥ ಮನೆಯಲ್ಲಿ ತಂದೆ-ತಾಯಿಯರನ್ನು ಬಿಟ್ಟು ಪಟ್ಟಣ ಸೇರಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಜಡಿಮಳೆ ಹಿಡಿದಾಗ ಬಾಗಿಲು-ಕಿಟಕಿ ಚೌಕಟ್ಟಿನಲ್ಲಿ ಬಿಗಿಯುತ್ತಿವೆಯೇ, ಮಾಳಿಗೆಯಿಂದ ಮಣ್ಣು ಉದುರುತ್ತಿದೆಯೇ, ಗೋಡೆಯ ಬುಡ ಉಬ್ಬಿದೆಯೇ ಎಂದು ಹಗಲಿನಲ್ಲೇ ನೋಡಿ. ಯಾರ ಮನೆಗೆ ಹೋಗುವುದೆಂದು ಮಳೆಗಾಲಕ್ಕೆ ಮೊದಲೇ ಮಾತನಾಡಿಕೊಂಡಿರಿ. ಗಟ್ಟಿ ಮನೆ ಇರುವವರು ನೆರೆಯವರಿಗೆ ಅವರು ಕೇಳುವ ಮೊದಲೇ ಬಾಗಿಲು ತೆರೆಯಿರಿ. ಮಳೆ ನಿಂತ ಮೇಲೂ ಗೋಡೆ ಪೂರ್ತಿ ಒಣಗಿ, ತಿಳಿದವರು ನೋಡುವವರೆಗೆ ಒಳಗೆ ಮಲಗಬೇಡಿ. ಇಷ್ಟು ಮಾಡಿದ ಬಳಿಕ ಕೈಯೆತ್ತಿ ದುಆ ಮಾಡಿ. ಮನೆಯನ್ನು ಅಲ್ಲಾಹನಿಗೆ ಒಪ್ಪಿಸಿ ಹೊರಬಂದವರ ತವಕ್ಕುಲ್, ಒಳಗೆ ಕುಳಿತವರ ತವಕ್ಕುಲಿಗಿಂತ ಕಡಿಮೆಯದಲ್ಲ.