ಜುಡಿತ್ ನದಿಯ ದಂಡೆಯ ಪುಟ್ಟ ಹಲ್ಲು

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮಿಸೌರಿ ನದಿಗೆ ದಕ್ಷಿಣದಿಂದ ಬಂದು ಸೇರುವ ನದಿ ಜುಡಿತ್. 1805ರಲ್ಲಿ ಈ ದಾರಿಯಾಗಿ ಬಂದ ಅನ್ವೇಷಕ ವಿಲಿಯಂ ಕ್ಲಾರ್ಕ್, ತಾನು ಮುಂದೆ ಮದುವೆಯಾದ ಹುಡುಗಿಯ ಹೆಸರನ್ನು ಅದಕ್ಕಿಟ್ಟ. ಸಂಗಮದ ಸುತ್ತ ಮಳೆ, ಗಾಳಿ ಕೊರೆದ ಬೋಳು ಗುಡ್ಡಗಳು; ಅಲ್ಲಲ್ಲಿ ಕುರುಚಲು ಗಿಡ. ಸುಮಾರು ಏಳೂವರೆ ಕೋಟಿ ವರ್ಷಗಳ ಹಿಂದೆ ಇದು ಡೈನೋಸಾರ್‌ಗಳು ಓಡಾಡುತ್ತಿದ್ದ ಹಸಿರು ಬಯಲು. ಪೂರ್ವಕ್ಕೆ ಸಮುದ್ರವಿತ್ತು.

1855ರಲ್ಲಿ ಭೂವಿಜ್ಞಾನಿ ಫರ್ಡಿನೆಂಡ್ ಹೇಡನ್ ಇಲ್ಲಿಂದ ಕೆಲವು ಹಲ್ಲುಗಳನ್ನು ಆರಿಸಿ ತಂದ. ಮರುವರ್ಷ ಫಿಲಡೆಲ್ಫಿಯಾದ ಅಂಗರಚನಾ ತಜ್ಞ ಜೋಸೆಫ್ ಲೀಡಿ, ಅವುಗಳಲ್ಲೊಂದಕ್ಕೆ ‘ಪೇಲಿಯೋಸಿಂಕಸ್’ ಎಂದು ಹೆಸರಿಟ್ಟ. ‘ಪುರಾತನ ಹಾವುರಾಣಿ’ ಎಂದು ಅದರ ಅರ್ಥ. ನಿಜಕ್ಕೂ ಅದು ಮೈತುಂಬ ಎಲುಬಿನ ಕವಚ ತೊಟ್ಟ ಸಸ್ಯಾಹಾರಿ ಡೈನೋಸಾರ್‌ನ ಹಲ್ಲು!

ಡೈನೋಸಾರ್‌ಗಳಿಗೆ ಬದುಕಿನುದ್ದಕ್ಕೂ ಹಲ್ಲು ಬಿದ್ದು ಹೊಸದು ಹುಟ್ಟುತ್ತಿತ್ತು. ಹೀಗಾಗಿ ಒಂದು ಪ್ರಾಣಿ ಬಿಟ್ಟುಹೋಗುವುದು ಒಂದೇ ಅಸ್ಥಿಪಂಜರವಾದರೂ ಹಲ್ಲುಗಳು ಹಲವಾರು. ತಾನಾಗಿ ಉದುರಿದ ಹಲ್ಲಿಗೆ ಬೇರು ಇರುವುದಿಲ್ಲ. ಅದು ಮೊದಲೇ ಕರಗಿರುತ್ತದೆ.

ಕವಚಧಾರಿಯ ಹಲ್ಲನ್ನು ಗುರುತಿಸುವುದು ಹೇಗೆ? ಗಾತ್ರ ಬೆರಳಿನ ಉಗುರಿನಷ್ಟು. ಆಕಾರ ಚಪ್ಪಟೆ ಎಲೆಯಂತೆ. ಅಂಚಿನಲ್ಲಿ ದಾಸವಾಳದ ಎಲೆಗಿರುವಂಥ ಕಚ್ಚುಗಳು. ಬುಡದಲ್ಲಿ ಉಬ್ಬಿದ ಪಟ್ಟಿ. ಮಾಂಸಾಹಾರಿಯ ಹಲ್ಲಾದರೆ ಬಾಗಿದ ಚೂರಿಯಂತಿರುತ್ತದೆ. ಗುಮ್ಮಟದಂಥ ದಪ್ಪ ತಲೆಬುರುಡೆಯ ಸಸ್ಯಾಹಾರಿಗಳ ಹಲ್ಲು ಮಾತ್ರ ಇದನ್ನೇ ಹೋಲುವುದರಿಂದ ಅನುಭವಿಗಳೂ ಎಡವುವುದುಂಟು. ಕವಚಧಾರಿಗಳಲ್ಲೇ ಎರಡು ಕುಟುಂಬಗಳು. ಬಾಲದ ತುದಿಯಲ್ಲಿ ಗದೆಯಿಲ್ಲದ ನೋಡೋಸಾರ್‌ಗಳ ಹಲ್ಲು ಸಾಮಾನ್ಯವಾಗಿ ದೊಡ್ಡದು. ಗದೆಯಿದ್ದ ಆಂಕಿಲೋಸಾರ್‌ಗಳದು ಚಿಕ್ಕದು.

ಆದರೆ ಒಂದೇ ಹಲ್ಲಿನಿಂದ ಇಂಥದೇ ಪ್ರಾಣಿ ಎಂದು ಹೇಳುವುದು ಕಷ್ಟ. 1930ರಲ್ಲಿ ಚಾರ್ಲ್ಸ್ ಗಿಲ್ಮೋರ್, ಮೊಂಟಾನಾದಲ್ಲೇ ಸಿಕ್ಕ ತಲೆಬುರುಡೆ ಮತ್ತು ಎಲುಬುಗಳನ್ನು ಪೇಲಿಯೋಸಿಂಕಸ್ ಗುಂಪಿಗೆ ಸೇರಿಸಿದ. ಇಂದು ಆ ಪ್ರಾಣಿ ‘ಎಡ್ಮಂಟೋನಿಯಾ’. ಲೀಡಿ ಕೊಟ್ಟ ಹೆಸರನ್ನು ವಿಜ್ಞಾನಿಗಳು ಸಂದೇಹದ ಪಟ್ಟಿಗೆ ಸೇರಿಸಿದ್ದಾರೆ.

ಆದ್ದರಿಂದಲೇ ಹಲ್ಲಿನಷ್ಟೇ ಅದು ಸಿಕ್ಕ ಜಾಗವೂ ಮುಖ್ಯ. ಯಾವ ಗುಡ್ಡ, ಯಾವ ಪದರ, ಅಕ್ಕಪಕ್ಕ ಏನಿತ್ತು ಎಂಬುದು ಬರೆದಿಡದಿದ್ದರೆ ಹಲ್ಲು ಬರಿಯ ಅಲಂಕಾರದ ವಸ್ತು. ಅಮೆರಿಕದ 2009ರ ಕಾಯಿದೆಯಂತೆ, ಕೇಂದ್ರ ಸರ್ಕಾರದ ಜಮೀನಿನಲ್ಲಿ ಬೆನ್ನೆಲುಬುಳ್ಳ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ಎತ್ತುವಂತಿಲ್ಲ. ಖಾಸಗಿ ಜಮೀನಿನಲ್ಲಿ ಒಡೆಯನ ಒಪ್ಪಿಗೆ ಬೇಕು.

ಅಮೆರಿಕದಲ್ಲಿರುವ ಬಂಧುಗಳ ಮನೆಗೆ ಹೋಗುವ ಮಕ್ಕಳು ಮಿಸೌರಿಯ ಈ ದಂಡೆಗೂ ಹೋಗಬಹುದು. ಹಲ್ಲೊಂದು ಕಣ್ಣಿಗೆ ಬಿದ್ದರೆ ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, ಅಲ್ಲಿನ ಅಧಿಕಾರಿಗಳಿಗೆ ತಿಳಿಸಿದರೆ ಸಾಕು. ಹಲ್ಲು ಮಾತ್ರ ಅಲ್ಲೇ ಇರಲಿ.