ಗೇರ್ ಆಯಿಲ್ ಈಗಲೇ ಬದಲಿಸೋದಾ?

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಎಂಜಿನ್ ಆಯಿಲ್ ತಪ್ಪದೆ ಹಾಕಿಸ್ತೀವಿ, ಗೇರ್ ಆಯಿಲ್ ನೆನಪೇ ಇರಲಿಲ್ಲ. ಮೊನ್ನೆ ತಿರುಮಣಿ ಸೋಲಾರ್ ಪಾರ್ಕ್ ಕಡೆ ಸುದ್ದಿಗೆ ಹೋದಾಗ ಎರಡನೇ ಗೇರ್ ಗೊರಗೊರ ಅಂತು.

ಒಬ್ಬ ಮೆಕ್ಯಾನಿಕ್ 'ಅದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ' ಅಂದರು. ಇನ್ನೊಬ್ಬರು ಇವತ್ತೇ ಬದಲಿಸಿ ಅಂದರು. ಸ್ಟ್ರಿಂಗರ್ ಕಾಸು ಯಾವಾಗಲೂ ತಡ. ಮುಂದಿನ ತಿಂಗಳು ನೋಡೋಣ ಅನ್ನಿಸಿತು. ಆದರೆ ರಾತ್ರಿ ಹೆರಿಗೆ ನೋವು ಬಂದರೆ ಬೀದಿಯವರು ತಟ್ಟೋದು ನಮ್ಮ ಬಾಗಿಲನ್ನೇ. ಪಾವಗಡದಿಂದ ತುಮಕೂರು ಸುಮಾರು 100 ಕಿ.ಮೀ., ಮಧ್ಯೆ ಆಂಧ್ರದ ನೆಲ ದಾಟಬೇಕು. ಅಲ್ಲಿ ಗೇರ್ ಕೈಕೊಟ್ಟರೆ?

ಕಾರಿನ ಜೊತೆ ಬಂದ ಪುಸ್ತಕ ಹುಡುಕಿ ತೆಗೆದೆವು. ಧೂಳು, ಬಿಸಿಲಿನ ದಾರಿಯಾದರೆ ಬೇಗ ಬದಲಿಸಿ ಅಂತ ಬೇರೆಯೇ ಪಟ್ಟಿ ಇತ್ತು. ನಮ್ಮ ಊರಿಗೇ ಬರೆದ ಹಾಗೆ!

ಬದಲಿಸುವಾಗ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಸಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಅಲ್ಲೇ ನಿಲ್ಲಬೇಕಾಗುತ್ತೆ. ನಮ್ಮದರಲ್ಲಿ ಇಳಿದದ್ದು ಕಪ್ಪು ಡಿಕಾಕ್ಷನ್. ಬೋಲ್ಟಿನ ಆಯಸ್ಕಾಂತಕ್ಕೆ ನುಣ್ಣನೆ ಕಬ್ಬಿಣದ ಪುಡಿ ಮೆತ್ತಿತ್ತು. ಚೂರುಗಳಿರಲಿಲ್ಲ, ಬಚಾವ್, ಇದ್ದಿದ್ದರೆ ಒಳಗೆ ಹಲ್ಲೇ ಮುರಿದಿರುತ್ತಿತ್ತು, ಹೊಸ ಆಯಿಲ್ ಹಾಕಿ ಏನು ಬಂತು? ಪುಸ್ತಕದಲ್ಲಿದ್ದ ನಂಬರಿನದ್ದೇ ತಂದು ಹಾಕಿಸಿದೆವು.

ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಎರಡನೇ ಗೇರ್ ಈಗಲೂ ಸ್ವಲ್ಪ ಗೊಣಗುತ್ತೆ.